ಹೈ ಗ್ರೇಡ್ ಅಂದರೆ ಲಾಸ್ಟ್ ಸ್ಟೇಜ್ ಅಲ್ಲ

"ಹೈ ಗ್ರೇಡ್ ಲಿಂಫೋಮಾ ಅಂತೆ. ಅಂದ್ರೆ ಲಾಸ್ಟ್ ಸ್ಟೇಜು." ಹಾಸನದಲ್ಲಿ ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೋ. ಮದುವೆ ಮನೆಯಲ್ಲಿ, ಮೆಡಿಕಲ್ ಶಾಪ್ ಮುಂದೆ, ಈಚೆಗೆ ನೆಂಟರ ವಾಟ್ಸಾಪ್ ಗುಂಪಿನಲ್ಲೂ. ಲಿಂಫೋಮಾ ಅಂದರೆ ಬಿಳಿ ರಕ್ತಕಣದ ಒಂದು ಬಗೆಯ ಕ್ಯಾನ್ಸರ್, ಸಾಮಾನ್ಯವಾಗಿ ಕುತ್ತಿಗೆ, ಕಂಕುಳಿನಂಥ ಕಡೆಯ ದುಗ್ಧಗ್ರಂಥಿಗಳಲ್ಲಿ ಗಂಟಾಗಿ ಕಾಣಿಸಿಕೊಳ್ಳುತ್ತದೆ. ಹೇಳುವವರ ಮನಸ್ಸಿನಲ್ಲಿ ಇರುವುದು ಕನಿಕರವೇ. ಆದರೆ ನಡುವೆ ಬಂದ ಆ "ಅಂದ್ರೆ" ತಪ್ಪು. ಅದನ್ನು ನಂಬಿದ ಮನೆಯವರು ಕೈಚೆಲ್ಲಿ ಕೂರುತ್ತಾರೆ. "ಇನ್ನು ಬೆಂಗಳೂರಿಗೆ ಕರ್ಕೊಂಡು ಹೋಗಿ ಯಾಕೆ ಹಿಂಸೆ ಕೊಡೋದು" ಅಂತ ನಾಟಿ ಔಷಧಿ ಶುರು ಮಾಡುತ್ತಾರೆ. ಬೇಗ ಚಿಕಿತ್ಸೆ ಸಿಕ್ಕಿದ್ದರೆ ಪೂರ್ತಿ ವಾಸಿಯಾಗಬಹುದಾಗಿದ್ದ ಕಾಯಿಲೆಯಲ್ಲಿ ಹೀಗೆ ವಾರಗಳು ಕಳೆದುಹೋಗುತ್ತವೆ. ನನಗೆ ತಡೆಯಲಾಗದೆ ಇರುವುದು ಇದೇ.

ಗ್ರೇಡ್ ಹೇಳುವುದು ಜೀವಕೋಶದ ಗುಣವನ್ನು. ಮೈಕ್ರೋಸ್ಕೋಪಿನಲ್ಲಿ ಅದು ಹೇಗೆ ಕಾಣುತ್ತದೆ, ಎಷ್ಟು ಬೇಗ ಒಂದು ಎರಡಾಗುತ್ತಿದೆ, ಇಷ್ಟೇ. ಹೈ ಗ್ರೇಡ್ ಅಂದರೆ ಬೇಗ ಬೆಳೆಯುವಂಥದ್ದು. ಸ್ಟೇಜ್ ಹೇಳುವುದು ಅದು ಮೈಯಲ್ಲಿ ಎಲ್ಲೆಲ್ಲಿ ಇದೆ ಅನ್ನುವುದನ್ನು. ನಮ್ಮ ಕಡೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ಬೀಜವನ್ನು ಎ, ಬಿ, ಪೀಬೆರ್ರಿ ಅಂತ ಗ್ರೇಡ್ ಮಾಡುತ್ತಾರಲ್ವಾ? ಅದರಿಂದ ಬೀಜ ಎಂಥದ್ದು ಅಂತ ಗೊತ್ತಾಗುತ್ತದೆ. ಮೂಟೆಗಳು ಎಷ್ಟು ಗೋಡೌನಿನಲ್ಲಿವೆ ಅಂತ ಗೊತ್ತಾಗುವುದಿಲ್ಲ.

ಸ್ಟೇಜ್ ಲೆಕ್ಕ 1971ರಲ್ಲಿ ಅಮೆರಿಕದ ಆನ್ ಆರ್ಬರ್ ಊರಿನಲ್ಲಿ ತಜ್ಞರು ಸೇರಿ ಮಾಡಿದ್ದು. ಆಮೇಲೆ ತಿದ್ದುಪಡಿ ಆಗಿದೆ, ತಳಪಾಯ ಅದೇ. ಒಂದೇ ಕಡೆಯ ಗಂಟುಗಳಾದರೆ 1. ಎದೆಗೂ ಹೊಟ್ಟೆಗೂ ನಡುವಿನ ವಪೆಯ ಒಂದೇ ಬದಿಯಲ್ಲಿ ಎರಡು ಅಥವಾ ಹೆಚ್ಚು ಕಡೆ ಇದ್ದರೆ 2. ವಪೆಯ ಎರಡೂ ಬದಿ ಇದ್ದರೆ 3. ಮೂಳೆಯ ಮಜ್ಜೆ, ಲಿವರ್‌ನಂಥ ಅಂಗಗಳಿಗೂ ಹರಡಿದ್ದರೆ 4. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಶ್ವಾಸಕೋಶ ಅಥವಾ ಸ್ತನದ ಕ್ಯಾನ್ಸರ್‌ನ ನಾಲ್ಕನೇ ಸ್ಟೇಜ್ ಬೇರೆ, ಲಿಂಫೋಮಾದ ನಾಲ್ಕನೇ ಸ್ಟೇಜ್ ಬೇರೆ. ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣದ ಕೆಲಸವೇ ಮೈಯೆಲ್ಲ ಸುತ್ತುವುದು. ಅದು ಕೆಟ್ಟಾಗ ಹಲವು ಕಡೆ ಕಾಣಿಸಿಕೊಳ್ಳುವುದು ಸಹಜ. ಲಿಂಫೋಮಾದಲ್ಲಿ ನಾಲ್ಕನೇ ಸ್ಟೇಜ್‌ನಿಂದ ವಾಸಿಯಾದವರು ಬೇಕಾದಷ್ಟು ಜನ ಇದ್ದಾರೆ.

ಫಾಲಿಕ್ಯುಲರ್ ಲಿಂಫೋಮಾ ನಿಧಾನಕ್ಕೆ ಬೆಳೆಯುವ ಜಾತಿ. ಪತ್ತೆಯಾಗುವ ಹೊತ್ತಿಗೆ ಎಷ್ಟೋ ಜನರಲ್ಲಿ ಮೂರನೇ ಇಲ್ಲವೇ ನಾಲ್ಕನೇ ಸ್ಟೇಜ್‌ನಲ್ಲಿರುತ್ತದೆ. ಆದರೂ ತೊಂದರೆ ಇಲ್ಲದಿದ್ದರೆ ಡಾಕ್ಟರು ಔಷಧಿ ಕೊಡದೆ, ಆಗಾಗ ಬಂದು ತೋರಿಸಿಕೊಳ್ಳಿ ಅನ್ನುತ್ತಾರೆ. ಅದೇ ಬೇಗ ಬೆಳೆಯುವ ಜಾತಿ ಒಂದನೇ ಸ್ಟೇಜ್‌ನಲ್ಲೇ ಸಿಕ್ಕರೂ ಚಿಕಿತ್ಸೆ ತಕ್ಷಣ ಶುರುವಾಗಬೇಕು.

ಬೇಗ ಬೆಳೆಯುವುದು ಕೆಟ್ಟದ್ದು ಅನ್ನಿಸುವುದು ಸಹಜ. ಆದರೆ ಕೀಮೋ ಔಷಧಿಗಳು ಜಾಸ್ತಿ ಹೊಡೆಯುವುದು ಒಡೆದು ಎರಡಾಗುತ್ತಿರುವ ಕೋಶಗಳನ್ನೇ. ಹಾಗಾಗಿ ಬೇಗ ಬೆಳೆಯುವ ಲಿಂಫೋಮಾಗಳಲ್ಲಿ ಹಲವು ಬೇರುಸಮೇತ ಹೋಗುತ್ತವೆ. ನಿಧಾನದ್ದು ಔಷಧಿಗೆ ತಗ್ಗುತ್ತದೆ, ವರ್ಷಗಳಾದ ಮೇಲೆ ಮತ್ತೆ ಬರುವುದೂ ಉಂಟು.

ರಿಪೋರ್ಟಿನಲ್ಲಿ ಕಾಣುವ ನಾನ್-ಹಾಡ್ಕಿನ್ ಲಿಂಫೋಮಾ ಅನ್ನುವುದು ಒಂದೇ ರೋಗದ ಹೆಸರಲ್ಲ. ಲಂಡನ್ನಿನ ಥಾಮಸ್ ಹಾಡ್ಕಿನ್ 1832ರಲ್ಲಿ ಬರೆದಿಟ್ಟ ರೋಗಕ್ಕೆ ಅವರ ಹೆಸರು ಬಂತು. ಅದಕ್ಕೆ ಸೇರದ ಲಿಂಫೋಮಾಗಳೆಲ್ಲ ಈ ಗುಂಪಿಗೆ ಬಿದ್ದವು. "ನಾನ್-ಹಾಡ್ಕಿನ್ ಅಂತೆ, ಯಾವ ಔಷಧಿ?" ಅಂತ ಕೇಳಿದರೆ ಯಾರೂ ಉತ್ತರ ಕೊಡಲಾರರು. ಜಾತಿ ಯಾವುದು ಅಂತ ತಿಳಿಯಬೇಕು.

ಬೇಗ ಬೆಳೆಯುವವುಗಳಲ್ಲಿ ಹೆಚ್ಚು ಕಾಣುವುದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ಬಿ-ಸೆಲ್, ಟಿ-ಸೆಲ್ ಅನ್ನುವುದು ಲಿಂಫೋಸೈಟಿನ ಎರಡು ಬಗೆ. ರಿಪೋರ್ಟ್‌ನಲ್ಲಿ ಡಿಎಲ್‌ಬಿಸಿಎಲ್ ಅಂತಿರುತ್ತದೆ. ನಾನ್-ಹಾಡ್ಕಿನ್ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇದೇ. ಕುತ್ತಿಗೆ, ಕಂಕುಳು, ಹೊಟ್ಟೆ, ಎಲ್ಲಿ ಬೇಕಾದರೂ ಬರಬಹುದು. ಇದಕ್ಕೆ ಕೊಡುವ ಆರ್-ಚಾಪ್ ಅಂದರೆ ಐದು ಔಷಧಿಗಳ ಜೋಡಣೆ. ಸಾಮಾನ್ಯವಾಗಿ 21 ದಿನಕ್ಕೊಮ್ಮೆ, ಆರು ಸಲ. ಅದರಲ್ಲಿನ "ಆರ್" ರಿಟುಕ್ಸಿಮ್ಯಾಬ್. ಬಿ-ಸೆಲ್‌ನ ಮೈಮೇಲಿನ ಸಿಡಿ20 ಅನ್ನುವ ಗುರುತನ್ನು ಹುಡುಕಿ ಹಿಡಿಯುವ ಔಷಧಿ. ಅಮೆರಿಕದಲ್ಲಿ 1997ರಲ್ಲಿ ಅನುಮತಿ ಸಿಕ್ಕಿತು. 2007ರಲ್ಲಿ ನಮ್ಮ ದೇಶದಲ್ಲೇ ತಯಾರಾದದ್ದೂ ಬಂತು. ಈ ಚಿಕಿತ್ಸೆಯಿಂದ ನೂರರಲ್ಲಿ ಸುಮಾರು ಅರವತ್ತು ಜನ ವಾಸಿಯಾಗುತ್ತಾರೆ. "ಲಾಸ್ಟ್ ಸ್ಟೇಜು" ಅಂತ ಹೇಳಿ ಮನೆಯಲ್ಲಿ ಕೂರಿಸುವ ರೋಗಿ ಈ ಅರವತ್ತರಲ್ಲಿ ಒಬ್ಬರಾಗಬಹುದಿತ್ತು.

ಬರ್ಕಿಟ್ ಲಿಂಫೋಮಾ ಎಲ್ಲಕ್ಕಿಂತ ವೇಗದ್ದು. ಉಗಾಂಡದಲ್ಲಿ ಕೆಲಸ ಮಾಡುತ್ತಿದ್ದ ಸರ್ಜನ್ ಡೆನಿಸ್ ಬರ್ಕಿಟ್ ಮಕ್ಕಳ ದವಡೆಯ ಗಡ್ಡೆಗಳ ಬಗ್ಗೆ 1958ರಲ್ಲಿ ಬರೆದರು. ಇದರ ಕೋಶಗಳು ಒಂದೆರಡು ದಿನದಲ್ಲೇ ದುಪ್ಪಟ್ಟಾಗಬಲ್ಲವು. ಹಾಗಾಗಿ ಇಲ್ಲಿ ಲೆಕ್ಕ ದಿನಗಳದ್ದು. ಆರ್-ಚಾಪ್ ಸಾಲದು, ಇನ್ನೂ ಜೋರಾದ ಕೀಮೋ ಬೇಕು. ಮೆದುಳಿಗೆ ಹರಡದಂತೆ ಬೆನ್ನುಹುರಿಯ ದ್ರವಕ್ಕೂ ಔಷಧಿ ಕೊಡುತ್ತಾರೆ. ಮೊದಲ ಡೋಸ್‌ಗೆ ಕೋಶಗಳು ಒಟ್ಟಿಗೇ ಸತ್ತು ಕಿಡ್ನಿಗೆ ಭಾರ ಬೀಳಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಮಲಗಿಸಿ, ಡ್ರಿಪ್ ಹಾಕಿ, ಮತ್ತೆ ಮತ್ತೆ ರಕ್ತ ನೋಡುತ್ತಾರೆ. ಇಷ್ಟು ವೇಗದ ಈ ರೋಗದಿಂದ ಒಳ್ಳೆಯ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ಲಿಂಫೋಬ್ಲಾಸ್ಟಿಕ್ ಲಿಂಫೋಮಾ ಹದಿಹರೆಯದ ಹುಡುಗರಲ್ಲಿ ಎದೆಯೊಳಗೆ ದೊಡ್ಡ ಗಡ್ಡೆಯಾಗಿ ಬರುವುದುಂಟು. ಇದಕ್ಕೆ ಲ್ಯುಕೇಮಿಯಾ ಅನ್ನುವ ಬ್ಲಡ್ ಕ್ಯಾನ್ಸರ್ ಮಾದರಿಯ ಚಿಕಿತ್ಸೆ, ಎರಡು ವರ್ಷ ಅಥವಾ ಇನ್ನೂ ಹೆಚ್ಚು. ಎದೆಯ ನಡುವೆಯೇ ಬರುವ ಇನ್ನೊಂದು ಬಿ-ಸೆಲ್ ಜಾತಿ ಮೂವತ್ತರ ಆಸುಪಾಸಿನ ಹೆಂಗಸರಲ್ಲಿ ಜಾಸ್ತಿ. ಮ್ಯಾಂಟಲ್ ಸೆಲ್ ಅನ್ನುವ ಜಾತಿ ವಯಸ್ಸಾದ ಗಂಡಸರಲ್ಲಿ ಹೆಚ್ಚು. ಕೆಲವರಲ್ಲಿ ವೇಗ, ಕೆಲವರಲ್ಲಿ ನಿಧಾನ. ಟಿ-ಸೆಲ್ ಜಾತಿಗಳಲ್ಲಿ ಸಾಮಾನ್ಯವಾಗಿ ಸಿಡಿ20 ಇರುವುದಿಲ್ಲ, ರಿಟುಕ್ಸಿಮ್ಯಾಬ್‌ಗೆ ಕೆಲಸವಿಲ್ಲ. "ನಮ್ಮ ಮಾವನಿಗೆ ಕೊಟ್ಟ ಆ ಇಂಜೆಕ್ಷನ್ ಇವರಿಗೆ ಯಾಕೆ ಕೊಡ್ತಿಲ್ಲ" ಅಂತ ಜಗಳಕ್ಕೆ ನಿಲ್ಲುವ ಮೊದಲು ಇದನ್ನು ನೆನಪಿಡಿ.

ಇನ್ನೊಂದು ಗೊಂದಲವೂ ಇದೆ. "ಹೈ ಗ್ರೇಡ್ ಬಿ-ಸೆಲ್ ಲಿಂಫೋಮಾ" ಅನ್ನುವುದು ಈಗ ಒಂದು ಪ್ರತ್ಯೇಕ ಜಾತಿಯ ಹೆಸರೂ ಹೌದು. ಎಂವೈಸಿ ಮತ್ತು ಬಿಸಿಎಲ್2 ಎರಡೂ ಜೀನ್‌ಗಳು ಜಾಗ ಬದಲಿಸಿದ "ಡಬಲ್ ಹಿಟ್" ಇದರಲ್ಲೇ ಬರುತ್ತದೆ. ಇದು ನಿಜಕ್ಕೂ ಹಟಮಾರಿ. ಡಾಕ್ಟರು ಬಾಯಿಮಾತಿಗೆ ಹೈ ಗ್ರೇಡ್ ಅಂದರೋ, ಅಥವಾ ರಿಪೋರ್ಟ್‌ನಲ್ಲಿ ಜಾತಿಯ ಹೆಸರೇ ಹಾಗಿದೆಯೋ, ಕೇಳಿ ತಿಳಿದುಕೊಳ್ಳಿ.

ಇದೆಲ್ಲ ಗೊತ್ತಾಗಬೇಕಾದರೆ ಸೂಜಿ ಪರೀಕ್ಷೆ ಸಾಮಾನ್ಯವಾಗಿ ಸಾಲದು. ಆದಷ್ಟು ಮಟ್ಟಿಗೆ ಗಂಟನ್ನೇ ತೆಗೆದು ಬಯಾಪ್ಸಿಗೆ ಕಳಿಸಬೇಕು. ನಮ್ಮಲ್ಲಿ ಕುತ್ತಿಗೆಯ ಗಂಟು ಅಂದರೆ ಟಿಬಿ ಇರಬಹುದು ಅನ್ನುವುದು ಮೊದಲ ಅನುಮಾನ, ಅದು ಸರಿಯಾದ ಅನುಮಾನವೇ. ಆದರೆ ಪರೀಕ್ಷೆ ಇಲ್ಲದೆ ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗುವುದು ಬೇಡ. ಬಯಾಪ್ಸಿಗೆ ಮುಂಚೆ ಸುಮ್ನೆ ಸ್ಟೀರಾಯ್ಡ್ ತೆಗೆದುಕೊಳ್ಳುವುದಂತೂ ಬೇಡವೇ ಬೇಡ. ಅದು ಲಿಂಫೋಮಾಕ್ಕೂ ಔಷಧಿ. ಗಂಟು ತಾತ್ಕಾಲಿಕವಾಗಿ ಕರಗುತ್ತದೆ, ಬಯಾಪ್ಸಿಯಲ್ಲಿ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಬಯಾಪ್ಸಿ ಆಗಿ, ಮುಂದಕ್ಕೆ ಕಿದ್ವಾಯಿಗೋ ಮಣಿಪಾಲಕ್ಕೋ ಹೊರಟರೆ ರಿಪೋರ್ಟ್ ಕಾಗದ ಒಂದನ್ನೇ ಹಿಡಿದುಕೊಂಡು ಹೋಗಬೇಡಿ. ಲ್ಯಾಬ್‌ನಿಂದ ಸ್ಲೈಡುಗಳನ್ನೂ, ಗಂಟಿನ ತುಣುಕು ಇಟ್ಟಿರುವ ಮೇಣದ ಬ್ಲಾಕನ್ನೂ ಕೇಳಿ ತೆಗೆದುಕೊಳ್ಳಿ. ಅಲ್ಲಿನವರು ಜಾತಿಯನ್ನು ಮತ್ತೊಮ್ಮೆ ಖಚಿತ ಮಾಡಿಕೊಳ್ಳುವುದು ಅದರಿಂದಲೇ.