ವಾಕ್ಯ ಉದ್ದವಾದರೆ ಭಾಷೆ ಬೆಳೆಯಿತೇ?

ಎರಡನೇ ಭಾಷೆ ಕಲಿಯುವವರ ಪ್ರಬಂಧದಲ್ಲಿ ಉದ್ದನೆಯ ವಾಕ್ಯ ಕಂಡರೆ ‘ಭಾಷೆ ಪಳಗಿದೆ’ ಎಂದು ಮೆಚ್ಚುವವರು ಇನ್ನೂ ಇದ್ದಾರೆ. ಈ ಅಳತೆ ಕೆಲಸಕ್ಕೆ ಬಾರದೆಂದು ಗೊತ್ತಾಗಿ ಆರು ದಶಕವಾಯಿತು.

‘ನದಿ ಉಕ್ಕಿತು ಮತ್ತು ಸೇತುವೆ ಮುಳುಗಿತು ಮತ್ತು ಬಸ್ಸು ನಿಂತಿತು ಮತ್ತು ನಾವು ನಡೆದೆವು.’ ಹನ್ನೊಂದು ಪದ, ಒಂದೇ ಪೂರ್ಣವಿರಾಮ. ಇದರಲ್ಲಿ ಪ್ರೌಢಿಮೆ ಎಲ್ಲಿದೆ? 1965ರಲ್ಲಿ ಅಮೆರಿಕದ ಸಂಶೋಧಕ ಕೆಲಾಗ್ ಹಂಟ್ 4, 8 ಮತ್ತು 12ನೇ ತರಗತಿಯ ಮಕ್ಕಳ ಇಂಗ್ಲಿಷ್ ಬರಹ ಪರೀಕ್ಷಿಸುವಾಗ ಎದುರಾದ ತೊಡಕು ಇದೇ. ಅವರು ಪೂರ್ಣವಿರಾಮವನ್ನು ಕೈಬಿಟ್ಟು ‘ಟಿ-ಯೂನಿಟ್’ ಹಿಡಿದರು: ಒಂದು ಪ್ರಧಾನ ವಾಕ್ಯ, ಅದಕ್ಕೆ ಅಂಟಿದ ಅಧೀನ ವಾಕ್ಯಗಳು. ಹಾಗೆ ಕತ್ತರಿಸಿದರೆ ನಮ್ಮ ನದಿಯ ವಾಕ್ಯ ನಾಲ್ಕು ತುಂಡು. ಸರಾಸರಿ ಮೂರು ಪದವೂ ಇಲ್ಲ. ಎಷ್ಟು ಸರಳ, ಎಷ್ಟು ಚುರುಕಾದ ಉಪಾಯ!

ಇಂಗ್ಲಿಷಿಗೆಂದು ಹೊಲಿದ ಈ ಅಂಗಿಯನ್ನು ಕನ್ನಡಕ್ಕೆ ತೊಡಿಸಿ ನೋಡಿ. ‘ನದಿ ಉಕ್ಕಿ, ಸೇತುವೆ ಮುಳುಗಿ, ಬಸ್ಸು ನಿಂತು, ನಾವು ನಡೆದೆವು.’ ಮೂರು ‘ಮತ್ತು’ ಬಿದ್ದುಹೋದವು, ಮೂರು ಕ್ರಿಯಾಪದಗಳು ಕೃದಂತವಾದವು, ಅಂದರೆ ‘ಉಕ್ಕಿ’, ‘ಮುಳುಗಿ’ಯಂಥ ಅಪೂರ್ಣ ರೂಪ ತಾಳಿದವು. ಪೂರ್ಣ ಕ್ರಿಯಾಪದ ಒಂದೇ ಉಳಿದದ್ದರಿಂದ ಟಿ-ಯೂನಿಟ್ಟೂ ಒಂದೇ, ಉದ್ದ ಎಂಟು ಪದ. ಹೇಳಿದ ಸಂಗತಿ ಒಂದಿಷ್ಟೂ ಬೆಳೆಯಲಿಲ್ಲ, ಅಂಕಿ ಮಾತ್ರ ಸುಮಾರು ಮೂರು ಪಟ್ಟಾಯಿತು. ‘ಬಂದು, ಕೂತು, ಉಂಡು, ಹೋದ’ ಎಂಬ ಜೋಡಣೆ ಕನ್ನಡದ ಪುಟ್ಟ ಮಕ್ಕಳ ಬಾಯಲ್ಲೂ ಸಲೀಸು. ಕಲಿಯುವವರು ಅದನ್ನು ಹಿಡಿದರೆಂದರೆ ಕನ್ನಡದ ಜಾಡು ಸಿಕ್ಕಿತು ಎಂದರ್ಥ. ಅದು ನಿಜಕ್ಕೂ ದೊಡ್ಡ ಗಳಿಕೆ, ಆದರೆ ಪ್ರಬಂಧದ ಪ್ರೌಢಿಮೆಯೇ ಬೇರೆ.

ಹೆಚ್ಚಿದ್ದಷ್ಟೂ ಪ್ರೌಢವೆಂದು ಅಧೀನ ವಾಕ್ಯಗಳನ್ನು ಎಣಿಸುವ ಚಟವೂ ಹೀಗೇ ದಾರಿ ತಪ್ಪಿಸುತ್ತದೆ. 2011ರಲ್ಲಿ ಭಾಷಾವಿಜ್ಞಾನಿ ಡಗ್ಲಸ್ ಬೈಬರ್ ಮತ್ತು ಸಂಗಡಿಗರು ಇಂಗ್ಲಿಷ್ ಸಂಭಾಷಣೆಯನ್ನೂ ಸಂಶೋಧನಾ ಲೇಖನಗಳನ್ನೂ ಹೋಲಿಸಿದರು. ಅಂಥ ವಾಕ್ಯಗಳು ದಂಡಿಯಾಗಿ ಸಿಕ್ಕಿದ್ದು ಮಾತಿನಲ್ಲಿ! ಶಾಸ್ತ್ರೀಯ ಬರಹದ ಸಂಕೀರ್ಣತೆ ಅಡಗಿದ್ದದ್ದು ನಾಮಪದಗಳ ಗಂಟಿನಲ್ಲಿ. ‘ಮಳೆ ತಡವಾದರೆ ಬೆಳೆ ಕಡಿಮೆಯಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ’ ಎಂಬುದು ಮಾತು. ‘ಮಳೆಯ ವಿಳಂಬದಿಂದ ಬೆಳೆಯ ಇಳುವರಿಯಲ್ಲಿ ಕುಸಿತ ಸಾಮಾನ್ಯ’ ಎಂಬುದು ಬರಹ. ಎರಡನೆಯದರಲ್ಲಿ ಕ್ರಿಯಾಪದವೇ ಇಲ್ಲ. ಅಧೀನ ವಾಕ್ಯ ಎಣಿಸುವವರ ಲೆಕ್ಕದಲ್ಲಿ ಅದು ಸೊನ್ನೆ.

ಭಾಷಾವಿಜ್ಞಾನಿ ಶಿಯಾವ್‌ಫೇ ಲು 2010ರಲ್ಲಿ ಪ್ರಕಟಿಸಿದ ತಂತ್ರಾಂಶ ಇಂಗ್ಲಿಷ್ ಪ್ರಬಂಧವೊಂದಕ್ಕೆ ವಾಕ್ಯರಚನೆಯ ಸಂಕೀರ್ಣತೆಯ 14 ಬಗೆಯ ಅಳತೆ ಕೊಡುತ್ತದೆ. ಕನ್ನಡಕ್ಕೆ ಅಂಥದ್ದನ್ನು ಕಟ್ಟುವವರು ಕೃದಂತದ ಸರಪಳಿಯನ್ನೂ ನಾಮಪದಕ್ಕೆ ಮೊದಲು ಕೂರುವ ವಿಶೇಷಣಗಳನ್ನೂ ಬೇರೆ ಬೇರೆ ಎಣಿಸಬೇಕು. ಪತ್ರವನ್ನು ಪತ್ರದೊಂದಿಗೆ, ವರದಿಯನ್ನು ವರದಿಯೊಂದಿಗೇ ಹೋಲಿಸಬೇಕು.