ಹನ್ನೆರಡು ಫ್ರೇಮಿಗೊಂದು ಪೆಟ್ಟು

ಹಳೆಯ ಸಂಗೀತಮಯ ಕಾರ್ಟೂನುಗಳನ್ನು ನೋಡಿದವರು ಸಾಮಾನ್ಯವಾಗಿ ಹೇಳುವುದು ‘ಎಷ್ಟು ಮುದ್ದಾಗಿವೆ’ ಎಂದು. ಮುದ್ದಾಗಿರುವುದು ನಿಜ. ಆದರೆ ಅನಿಮೇಷನ್‌ನಲ್ಲಿ ಚಲನೆಯ ಕಾಲ ನಿಗದಿ ಮಾಡುವುದೇ ನನ್ನ ಕಸುಬಾದ್ದರಿಂದ ನನಗೆ ಅವುಗಳಲ್ಲಿ ಮೊದಲು ಕಾಣುವುದು ಲೆಕ್ಕ. ಆ ಲೆಕ್ಕ ಎಷ್ಟು ಬಿಗಿಯಾಗಿದೆಯೋ ಕುಣಿತ ಅಷ್ಟೇ ಸಲೀಸಾಗಿದೆ. ಸುಮಾರು ನೂರು ವರ್ಷಗಳಾದರೂ ಅವು ಮಾಸದಿರಲು ಇದೇ ಕಾರಣ ಎಂಬುದು ನನ್ನ ನಂಬಿಕೆ.

1929ರ ‘ದಿ ಸ್ಕೆಲಿಟನ್ ಡಾನ್ಸ್’ ಚಿತ್ರವನ್ನೇ ತೆಗೆದುಕೊಳ್ಳೋಣ. ಐದೂವರೆ ನಿಮಿಷದ ಕಪ್ಪು-ಬಿಳುಪು ಚಿತ್ರ. ಕಥೆ ಎಂಬುದು ಇಲ್ಲವೇ ಇಲ್ಲ. ಸ್ಮಶಾನ, ಹೆದರಿದ ಗೂಬೆ, ಜಗಳವಾಡುವ ಬೆಕ್ಕುಗಳು, ಗೋರಿಯಿಂದ ಎದ್ದು ಬರುವ ನಾಲ್ಕು ಅಸ್ಥಿಪಂಜರಗಳು. ಅವು ಕುಣಿಯುತ್ತವೆ, ಒಂದು ಇನ್ನೊಂದರ ಬೆನ್ನುಮೂಳೆಯನ್ನು ಕ್ಸೈಲೋಫೋನಿನಂತೆ ಬಾರಿಸುತ್ತದೆ, ಕೋಳಿ ಕೂಗಿದೊಡನೆ ಎಲ್ಲವೂ ಓಡಿಹೋಗಿ ಗೋರಿ ಸೇರುತ್ತವೆ. ವಾಲ್ಟ್ ಡಿಸ್ನಿ ಸ್ಟುಡಿಯೋದ ‘ಸಿಲ್ಲಿ ಸಿಂಫನಿ’ ಮಾಲೆಯ ಮೊದಲ ಚಿತ್ರ ಇದು. ಇಂಥದೊಂದು ಮಾಲೆಯ ಆಲೋಚನೆ ಕೊಟ್ಟವರು ಸಂಗೀತಗಾರ ಕಾರ್ಲ್ ಸ್ಟಾಲಿಂಗ್. ಅವರು ಕಾನ್ಸಾಸ್ ಸಿಟಿಯ ಚಿತ್ರಮಂದಿರದಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದವರು. ತೆರೆಯನ್ನು ನೋಡುತ್ತಲೇ ಕೈಯಾಡಿಸಿ ರೂಢಿಯಾದ ಮನುಷ್ಯ. ಮಿಕ್ಕಿ ಮೌಸ್ ಚಿತ್ರಗಳಲ್ಲಿ ಸಂಗೀತವು ಕ್ರಿಯೆಯ ಹಿಂದೆ ಹೋಗಬೇಕಾಗಿತ್ತು. ಸಂಗೀತವೇ ಮುಂದೆ ನಡೆದು ಚಿತ್ರ ಅದನ್ನು ಹಿಂಬಾಲಿಸುವ ಚಿತ್ರಗಳೂ ಬೇಕೆಂದು ಅವರು ವಾದಿಸಿದರು. ಫ್ರೆಂಚ್ ಸಂಗೀತಕಾರ ಸಾಂ-ಸಾನ್ಸ್‌ನ ಪ್ರಸಿದ್ಧ ಪ್ರೇತನೃತ್ಯವೇ ಇದರ ಸಂಗೀತವೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ನಾರ್ವೆಯ ಸಂಗೀತಕಾರ ಗ್ರೀಗ್‌ನ ಒಂದು ಕೃತಿಯ ಭಾಗ ಮತ್ತು ಸ್ಟಾಲಿಂಗ್ ತಾವೇ ಬರೆದ ಸಂಗೀತ ಇದರಲ್ಲಿವೆ. ಚಿತ್ರದ ಬಹುಪಾಲನ್ನು ಬಿಡಿಸಿದವರು ಅಬ್ ಐವರ್ಕ್ಸ್.

ಈಗ ಲೆಕ್ಕಕ್ಕೆ ಬರೋಣ. ಧ್ವನಿಯುಳ್ಳ ಫಿಲ್ಮು ಸೆಕೆಂಡಿಗೆ 24 ಫ್ರೇಮುಗಳಂತೆ (ಒಂದೊಂದು ಸ್ಥಿರಚಿತ್ರವೂ ಒಂದು ಫ್ರೇಮು) ಓಡುತ್ತದೆ, ಎಂದರೆ ನಿಮಿಷಕ್ಕೆ 1440. ತಾಳದ ಒಂದೊಂದು ಪೆಟ್ಟೂ 12 ಫ್ರೇಮಿಗೊಮ್ಮೆ ಬಿದ್ದರೆ ನಿಮಿಷಕ್ಕೆ 120 ಪೆಟ್ಟು, ಅದು ಹದವಾದ ನಡಿಗೆ. 8 ಫ್ರೇಮಿಗೊಮ್ಮೆ ಬಿದ್ದರೆ 180, ಅದು ಓಟ. 16 ಫ್ರೇಮಾದರೆ 90, ಸೋಮಾರಿಯ ಹೆಜ್ಜೆ. ಸಂಗೀತ ನಿರ್ದೇಶಕ ಮತ್ತು ಚಿತ್ರ ನಿರ್ದೇಶಕ ಒಂದೇ ಕೋಣೆಯಲ್ಲಿ ಕುಳಿತು, ಸ್ವರಲಿಪಿಯಂತೆ ಗೆರೆ ಎಳೆದ ಉದ್ದನೆಯ ಹಾಳೆಯ ಮೇಲೆ ಎಲ್ಲವನ್ನೂ ಬರೆಯುತ್ತಿದ್ದರು. ಇದನ್ನು ಬಾರ್ ಶೀಟ್ ಎನ್ನುತ್ತಾರೆ. ಮೇಲೆ ಸಂಗೀತ, ಅದರ ಕೆಳಗೆ ‘ಎಡಗಾಲು’, ‘ತಲೆ ತಿರುವು’, ‘ಬಿದ್ದ’ ಎಂಬಂಥ ಚುಟುಕು ಟಿಪ್ಪಣಿ, ಅದಕ್ಕೆಷ್ಟು ಫ್ರೇಮು ಎಂಬ ಅಂಕಿ. ಅಲ್ಲಿಂದ ಅದು ಚಿತ್ರಕಾರನ ಎಕ್ಸ್‌ಪೋಷರ್ ಶೀಟಿಗೆ ಇಳಿಯುತ್ತದೆ. ಅದರಲ್ಲಿ ಒಂದು ಸಾಲಿಗೆ ಒಂದು ಫ್ರೇಮು. ಹೀಗಾಗಿ ಚಿತ್ರಕಾರ ಪೆನ್ಸಿಲ್ ಹಿಡಿಯುವ ಹೊತ್ತಿಗೆ, ಹದಿಮೂರನೆಯ ಫ್ರೇಮಿನಲ್ಲಿ ಪಾದ ನೆಲ ಮುಟ್ಟಿರಬೇಕು ಎಂಬುದು ತೀರ್ಮಾನವಾಗಿರುತ್ತಿತ್ತು.

ವಾದ್ಯವೃಂದ ಇದೇ ಲೆಕ್ಕಕ್ಕೆ ಹೇಗೆ ನುಡಿಸುವುದು? 1928ರ ‘ಸ್ಟೀಮ್‌ಬೋಟ್ ವಿಲ್ಲಿ’ಗೆ ಧ್ವನಿ ಕೂಡಿಸುವಾಗ ಮೊದಲ ಪ್ರಯತ್ನ ಕೆಟ್ಟಿತು, ವಾದಕರು ಚಿತ್ರದ ಓಟಕ್ಕೆ ಹೊಂದಲಿಲ್ಲ. ಎರಡನೆಯ ಬಾರಿ ತಾಳಕ್ಕೆ ತಕ್ಕಂತೆ ಪುಟಿಯುವ ಚೆಂಡಿನ ಗುರುತನ್ನು ಫಿಲ್ಮಿನ ಮೇಲೆಯೇ ಮೂಡಿಸಿ, ಅದನ್ನು ನೋಡುತ್ತ ನಿರ್ದೇಶಿಸಿದರು. ಮುಂದೆ ಕ್ಲಿಕ್ ಟ್ರ್ಯಾಕ್ ಬಂತು. ಫಿಲ್ಮಿನ ಧ್ವನಿಪಟ್ಟಿಯಲ್ಲಿ ಗೊತ್ತಾದ ಅಂತರಕ್ಕೆ ತೂತು ಹೊಡೆದರೆ ಅದು ಓಡುವಾಗ ಟಿಕ್ ಎನ್ನುತ್ತದೆ. ಆ ಸದ್ದನ್ನು ವಾದಕರ ಕಿವಿಗೆ ಕೊಡುವುದು. ಇಂದಿಗೂ ಚಲನಚಿತ್ರ ಸಂಗೀತದ ಧ್ವನಿಮುದ್ರಣದಲ್ಲಿ ನಡೆಯುವುದು ಇದೇ ಪದ್ಧತಿ, ತೂತಿನ ಬದಲು ಕಂಪ್ಯೂಟರ್ ಬಂದಿದೆ ಅಷ್ಟೆ.

ಇಷ್ಟೆಲ್ಲ ಹೇಳಿದ ಮೇಲೆ, ಪೆಟ್ಟಿಗೆ ಸರಿಯಾಗಿ ಹೆಜ್ಜೆ ಬಿದ್ದರೆ ಸಾಕು ಎಂದು ಯಾರಿಗಾದರೂ ಅನ್ನಿಸಬಹುದು. ಸಾಲದು. ನನ್ನ ಬಳಿ ಕೆಲಸ ಕಲಿಯುವವರು ಎಡವುವುದೇ ಇಲ್ಲಿ. ಪೆಟ್ಟು ಬಿದ್ದಾಗ ಏನಾಗಬೇಕೆಂದು ಅವರು ಎಚ್ಚರದಿಂದ ಬಿಡಿಸುತ್ತಾರೆ, ಎರಡು ಪೆಟ್ಟುಗಳ ನಡುವೆ ಏನಾಗಬೇಕೆಂದು ಯೋಚಿಸುವುದಿಲ್ಲ. ಭರತನಾಟ್ಯದ ತಟ್ಟಡವಿನಲ್ಲಿ ಪಾದ ತಾಳಕ್ಕೆ ಸರಿಯಾಗಿ ನೆಲ ತಟ್ಟಬೇಕಾದರೆ ಅದು ತಾಳಕ್ಕೆ ಮೊದಲೇ ಮೇಲೆದ್ದಿರಬೇಕು, ಕಾರ್ಟೂನಿನಲ್ಲೂ ಹಾಗೆಯೇ. ಅಸ್ಥಿಪಂಜರ ಮಂಡಿ ಬಗ್ಗಿಸಿ ಕುಗ್ಗುತ್ತದೆ, ಕುಗ್ಗಿದ್ದು ಚಿಮ್ಮುತ್ತದೆ, ಮೇಲೆ ಅರೆಕ್ಷಣ ತಡೆಯುತ್ತದೆ, ಆಮೇಲೆ ಇಳಿಯುತ್ತದೆ. ಹನ್ನೆರಡು ಫ್ರೇಮುಗಳನ್ನು ಈ ನಾಲ್ಕಕ್ಕೆ ಸಮನಾಗಿ ಹಂಚಿದರೆ ಕುಣಿತ ಯಂತ್ರವಾಗುತ್ತದೆ. ಕುಗ್ಗುವುದಕ್ಕೂ ತಡೆಯುವುದಕ್ಕೂ ಧಾರಾಳವಾಗಿ ಕೊಟ್ಟು, ಇಳಿಯುವುದಕ್ಕೆ ಎರಡೇ ಫ್ರೇಮು ಉಳಿಸಿದರೆ ಮೂಳೆಗೂ ತೂಕ ಬರುತ್ತದೆ. ಇನ್ನೊಂದು ಮಾತು: ಪಾದ ನೆಲ ಮುಟ್ಟುವ ಚಿತ್ರವನ್ನು ಸದ್ದಿಗಿಂತ ಒಂದೆರಡು ಫ್ರೇಮು ಮುಂದಿಟ್ಟರೆ ಅದು ಸದ್ದಿನೊಂದಿಗೇ ಬಿದ್ದಂತೆ ತೋರುತ್ತದೆ. ಸದ್ದು ಮೊದಲು ಬಂದರೆ ಮಾತ್ರ ಕಣ್ಣು ಒಪ್ಪುವುದಿಲ್ಲ.

ಆ ಕಾಲದ ಚಿತ್ರಗಳಲ್ಲಿ ಮರ, ಮನೆ, ದೋಣಿ ಎಲ್ಲವೂ ಒಂದೇ ಸಮನೆ ತೂಗಾಡುವುದಕ್ಕೆ ಹಣಕಾಸಿನ ಕಾರಣವೂ ಇದೆ. ಬಿಡಿಸಿದ ಒಂದೊಂದು ಚಿತ್ರವನ್ನೂ ಎರಡೆರಡು ಫ್ರೇಮಿಗೆ ಹಿಡಿದರೆ, ತಲಾ ಹನ್ನೆರಡು ಫ್ರೇಮಿನ ಎರಡು ಹೆಜ್ಜೆಗೆ ಹನ್ನೆರಡು ಚಿತ್ರ ಸಾಕು. ಅವನ್ನೇ ಮತ್ತೆ ಮತ್ತೆ ಛಾಯಾಗ್ರಹಣ ಮಾಡಿದರೆ ಪಾತ್ರ ಎಷ್ಟು ಹೊತ್ತು ಬೇಕಾದರೂ ನಡೆಯುತ್ತದೆ. ಪುನರಾವರ್ತನೆ ಸಂಗೀತಕ್ಕೆ ಸಹಜವಾದದ್ದು, ಆದ್ದರಿಂದ ಉಳಿತಾಯವೇ ಇಲ್ಲಿ ಸೊಗಸಾಗಿ ಒದಗಿಬಂತು.

ನನಗೆ ಅತ್ಯಂತ ಪ್ರಿಯವಾದ ಚಿತ್ರ ಮಾತ್ರ ವಾರ್ನರ್ ಬ್ರದರ್ಸ್‌ನದು: 1941ರ ‘ರ್‍ಯಾಪ್ಸಡಿ ಇನ್ ರಿವೆಟ್ಸ್’. ನಿರ್ದೇಶನ ಫ್ರಿಜ್ ಫ್ರೆಲೆಂಗ್, ಸಂಗೀತ ಅದೇ ಸ್ಟಾಲಿಂಗ್; 1936ರಲ್ಲಿ ವಾರ್ನರ್ ಸೇರಿದ ಅವರು 1958ರವರೆಗೂ ಅಲ್ಲಿಯೇ ದುಡಿದರು. ಗಗನಚುಂಬಿ ಕಟ್ಟಡವೊಂದನ್ನು ಸಂಗೀತಕಾರ ಲಿಸ್ಟ್‌ನ ಎರಡನೆಯ ಹಂಗೇರಿಯನ್ ರ್‍ಯಾಪ್ಸಡಿಗೆ ಸರಿಯಾಗಿ ಕಟ್ಟುತ್ತಾರೆ. ಮೇಸ್ತ್ರಿಯಾದ ಸಿಂಹವೇ ವಾದ್ಯವೃಂದದ ನಿರ್ದೇಶಕ, ಕಟ್ಟಡದ ನಕ್ಷೆಯೇ ಸ್ವರಲಿಪಿ. ಮಾತಿಲ್ಲ. ರಿವೆಟ್ ಹೊಡೆಯುವ ಯಂತ್ರ, ಇಟ್ಟಿಗೆ, ಗರಗಸ, ಎಲ್ಲವೂ ವಾದ್ಯಗಳೇ. ಇಲ್ಲಿ ಗಮನಿಸಬೇಕಾದದ್ದು, ಪ್ರತಿ ಸ್ವರಕ್ಕೂ ಒಂದೊಂದು ಚೇಷ್ಟೆಯನ್ನು ಅಂಟಿಸಿಲ್ಲ ಎಂಬುದು. ಲಿಸ್ಟ್‌ನ ಕೃತಿ ನಿಧಾನಗತಿಯಿಂದ ಹೊರಟು ಕೊನೆಗೆ ನಾಗಾಲೋಟಕ್ಕೆ ಏರುತ್ತದೆ; ಕಟ್ಟಡವೂ ಅದರೊಂದಿಗೆ ಏರುತ್ತದೆ. ಚಿತ್ರದ ಒಟ್ಟು ವಿನ್ಯಾಸವೇ ಕೃತಿಯ ವಿನ್ಯಾಸ. ಸಂಗೀತ ಕೃತಿಯೊಂದರ ಕಟ್ಟೋಣವನ್ನು ಇಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣಿಸುವ ಪಾಠ ಯಾವ ತರಗತಿಯಲ್ಲೂ ಸಿಗದು. ಇದೇ ಕೃತಿಗೆ ‘ಟಾಮ್ ಅಂಡ್ ಜೆರಿ’ ಮಾಲೆಯ ‘ದಿ ಕ್ಯಾಟ್ ಕಾನ್ಸರ್ಟೊ’ ಹೆಚ್ಚು ಹೆಸರುವಾಸಿ, ಆಸ್ಕರ್ ಪಡೆದದ್ದೂ ಅದೇ. ಪಿಯಾನೊ ಮೇಲೆ ಬೆಕ್ಕಿನ ಬೆರಳು ಓಡುವ ಬೆಡಗು ಅದ್ಭುತ. ಆದರೂ ನನ್ನ ಮತ ಕಟ್ಟಡಕ್ಕೇ.

ಸಂಗೀತದ ಒಳಗಿನಿಂದಲೇ ಹಾಸ್ಯ ಹುಟ್ಟಿದ ಉದಾಹರಣೆಗೆ 1935ರ ‘ದಿ ಬ್ಯಾಂಡ್ ಕಾನ್ಸರ್ಟ್’ ನೋಡಬೇಕು. ಮಿಕ್ಕಿಯ ಬ್ಯಾಂಡು ರೊಸಿನಿಯ ‘ವಿಲಿಯಂ ಟೆಲ್’ ನುಡಿಸುತ್ತಿದೆ. ಡೊನಾಲ್ಡ್ ಬಾತುಕೋಳಿ ಕೊಳಲು ತೆಗೆದು ‘ಟರ್ಕಿ ಇನ್ ದ ಸ್ಟ್ರಾ’ ಎಂಬ ಜನಪದ ಧಾಟಿ ಊದುತ್ತದೆ, ಇಡೀ ಬ್ಯಾಂಡು ತನಗರಿವಿಲ್ಲದೆ ಅದಕ್ಕೆ ಜಾರಿಬಿಡುತ್ತದೆ. ಎರಡೂ ಎರಡೆಣಿಕೆಯ ಓಟದವಾದ್ದರಿಂದ ಜಾರುವುದು ಸುಲಭ. ಸಂಗೀತ ಬಾರದವರಿಗೂ ನಗು ಬರುತ್ತದೆ, ಬಲ್ಲವರಿಗೆ ಎರಡು ಪಟ್ಟು.

ನ್ಯೂಯಾರ್ಕಿನ ಫ್ಲೈಷರ್ ಸ್ಟುಡಿಯೋದ ದಾರಿ ಬೇರೆ. ತೆರೆಯ ಮೇಲಿನ ಹಾಡಿನ ಅಕ್ಷರಗಳ ಮೇಲೆ ಚೆಂಡು ಪುಟಿಸಿ ಪ್ರೇಕ್ಷಕರಿಂದ ಹಾಡಿಸುವ ಚಿತ್ರಗಳನ್ನು ಅವರು 1924ರಿಂದಲೇ ಮಾಡುತ್ತಿದ್ದರು. 1932ರ ‘ಮಿನ್ನಿ ದ ಮೂಚರ್’ನಲ್ಲಿ ಜಾಝ್ ಗಾಯಕ ಕ್ಯಾಬ್ ಕ್ಯಾಲೊವೇ ಅವರ ನೃತ್ಯವನ್ನು ಚಿತ್ರೀಕರಿಸಿ, ಫ್ರೇಮು ಫ್ರೇಮಾಗಿ ಅದರ ಮೇಲೆ ಗೆರೆ ಎಳೆದು, ವಾಲ್ರಸ್ ರೂಪದ ಭೂತವೊಂದಕ್ಕೆ ಆ ನಡೆಯನ್ನು ತೊಡಿಸಿದರು. ರೋಟೋಸ್ಕೋಪ್ ಎಂಬ ಈ ವಿಧಾನ ಮ್ಯಾಕ್ಸ್ ಫ್ಲೈಷರ್ ಅವರದೇ ಆವಿಷ್ಕಾರ. ಬಾರ್ ಶೀಟಿನಲ್ಲಿ ಬರೆಯಲಾಗದ ಜಾರು ಹೆಜ್ಜೆ, ತಾಳದಿಂದ ಕೂದಲೆಳೆಯಷ್ಟು ಹಿಂದೆ ಉಳಿಯುವ ಆ ಗತ್ತು, ಅಲ್ಲಿ ಹಾಗೆಯೇ ಉಳಿದುಬಂದಿದೆ.

ಭಾರತಕ್ಕೆ ಈ ಶಿಸ್ತು ಬಂದ ದಾರಿಗಳಲ್ಲಿ ಒಂದು ಕ್ಲೇರ್ ವೀಕ್ಸ್. ಭಾರತದಲ್ಲೇ ಹುಟ್ಟಿ ಡಿಸ್ನಿಯಲ್ಲಿ ಕೆಲಸ ಮಾಡಿದ ಅವರು 1956ರಲ್ಲಿ ಮುಂಬಯಿಯ ಫಿಲ್ಮ್ಸ್ ಡಿವಿಷನ್‌ಗೆ ಬಂದು ಇಲ್ಲಿನ ಕಲಾವಿದರಿಗೆ ತರಬೇತಿ ಕೊಟ್ಟರು.

ಕಲಿಯುವ ಆಸೆಯಿದ್ದವರು ‘ದಿ ಸ್ಕೆಲಿಟನ್ ಡಾನ್ಸ್’ನಿಂದ ಆರಂಭಿಸಬಹುದು, 2025ರ ಜನವರಿ 1ರಿಂದ ಅಮೆರಿಕದಲ್ಲಿ ಅದರ ಹಕ್ಕುಸ್ವಾಮ್ಯ ಮುಗಿದಿದೆ. ಮೊದಲು ಧ್ವನಿ ತೆಗೆದು ನೋಡಿ, ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ. ಬಳಿಕ ಧ್ವನಿ ಕೊಟ್ಟು, ಒಂದೊಂದೇ ಫ್ರೇಮು ಸರಿಸುತ್ತ ಪಾದ ನೆಲ ಮುಟ್ಟುವ ಜಾಗಗಳನ್ನು ಗುರುತು ಹಾಕಿಕೊಳ್ಳಿ. ಪ್ರತಿ ಆರಿಸುವಾಗ ಮಾತ್ರ ಎಚ್ಚರ ಬೇಕು. ಸೆಕೆಂಡಿಗೆ 25 ಫ್ರೇಮಿಗೆ ಓಡಿಸಿದ ಪ್ರತಿಗಳಲ್ಲಿ ಚಿತ್ರ ಶೇಕಡಾ ನಾಲ್ಕರಷ್ಟು ವೇಗವಾಗಿ ಓಡುತ್ತದೆ, ಶ್ರುತಿಯೂ ಏರಿರಬಹುದು. 30ಕ್ಕೆ ಪರಿವರ್ತಿಸಿದವುಗಳಲ್ಲಿ ಮಧ್ಯೆ ಮಧ್ಯೆ ಫ್ರೇಮು ಇಮ್ಮಡಿಯಾಗಿರುತ್ತದೆ, ಎಣಿಕೆ ಕೂಡುವುದಿಲ್ಲ. 24 ಫ್ರೇಮಿನ ಪ್ರತಿಯನ್ನೇ ಹುಡುಕಿ.