ನ್ಯಾಕ್ ‘ಎ’ ಶ್ರೇಣಿ ನೋಡಿ ಬಿಬಿಎಗೆ ಸೇರಿಸಬಹುದೇ?

ಪ್ರಶ್ನೆ: ಮಗಳಿಗೆ ನಮ್ಮ ಜಿಲ್ಲಾ ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಬಿಎ ಸೀಟು ಸಿಗುತ್ತದೆ. ವಿಶ್ವವಿದ್ಯಾಲಯಕ್ಕೆ ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ‘ಎ’ ಶ್ರೇಣಿಯಿದೆ. ಅದನ್ನು ನಂಬಿ ಸೇರಿಸಬಹುದೇ?

ಉತ್ತರ: ಅದೊಂದನ್ನೇ ನಂಬಬೇಡಿ. ಪಠ್ಯಕ್ರಮ, ಪರೀಕ್ಷೆ, ಪದವಿ ಇವು ವಿಶ್ವವಿದ್ಯಾಲಯದ ಪಾಲು. ಪಾಠ ನಡೆಯುವುದು ಅದರ ಸಂಯೋಜಿತ ಕಾಲೇಜಿನಲ್ಲಿ. ನ್ಯಾಕ್ ಎರಡನ್ನೂ ಬೇರೆ ಬೇರೆಯಾಗಿ ಅಳೆಯುತ್ತದೆ. ಕಾಲೇಜಿಗೇ ‘ಎ’ ಸಿಕ್ಕಿದ್ದರೂ ಅದು ಇಡೀ ಸಂಸ್ಥೆಗೆ ಸಿಕ್ಕಿದ್ದು, ಬಿಬಿಎ ವಿಭಾಗಕ್ಕಲ್ಲ.

ಶ್ರೇಣಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅದಕ್ಕಾಗಿ ಕಾಲೇಜು ಸಲ್ಲಿಸಿದ ಸ್ವಯಂ ಅಧ್ಯಯನ ವರದಿ. ಕಾಲೇಜಿನ ಜಾಲತಾಣದಲ್ಲಿ ಹುಡುಕಿ. ಕಾಯಂ ಅಧ್ಯಾಪಕರು ಎಷ್ಟು, ಪದವಿ ಮುಗಿಸಿದವರಲ್ಲಿ ಕೆಲಸಕ್ಕೆ ಹೋದವರು, ಮುಂದೆ ಓದಿದವರು ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ‘ಅತ್ಯಧಿಕ ಸಂಬಳ’ ಎಂದು ಬ್ಯಾನರ್ ಕಟ್ಟುವ ಕಾಲೇಜುಗಳನ್ನು ನಾನು ನಂಬುವುದಿಲ್ಲ. ಅರವತ್ತು ಮಂದಿಯಲ್ಲಿ ಒಬ್ಬನಿಗೆ ಸಿಕ್ಕಿದ ಸಂಬಳದಿಂದ ಉಳಿದ ಐವತ್ತೊಂಬತ್ತು ಮಂದಿಯ ಗತಿ ತಿಳಿಯದು.

ಅಧ್ಯಾಪಕರ ವಿಷಯವನ್ನು ಮಾತ್ರ ಸ್ವಲ್ಪ ಕೆದಕಿಯೇ ನೋಡಬೇಕು. ಸರ್ಕಾರಿ ಕಾಲೇಜುಗಳಲ್ಲಿ ಬಹಳಷ್ಟು ಪಾಠದ ಹೊರೆ ಅತಿಥಿ ಉಪನ್ಯಾಸಕರ ಮೇಲಿದೆ. ಅವರಲ್ಲಿ ಬಹಳ ಒಳ್ಳೆಯ ಮೇಷ್ಟ್ರುಗಳಿದ್ದಾರೆ. ಆದರೆ ನೇಮಕ ತಡವಾಗಿ, ಸೆಮಿಸ್ಟರ್ ಅರ್ಧ ಕಳೆದ ಮೇಲೆ ತರಗತಿಗೆ ಬಂದವರು ವೆಚ್ಚ ಲೆಕ್ಕಶಾಸ್ತ್ರದಂಥ ವಿಷಯವನ್ನು ಓಡಿಸಿಯೇ ಮುಗಿಸಬೇಕಾಗುತ್ತದೆ. ಹಾಗೆ ಓಡಿಸಿದ ಪಾಪ ನನ್ನ ಲೆಕ್ಕದಲ್ಲೂ ಇದೆ.

2024-25ರಿಂದ ಬಿಬಿಎ ಕೂಡ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೆ ಬಂದಿದೆ. ಅನುಮೋದನೆ ಪತ್ರ ತೋರಿಸಿ ಎಂದು ಕೇಳಿ. ಅದೇ ವರ್ಷ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಹಳೆಯ ಕೈಪಿಡಿ ನೋಡಿ ಗೊಂದಲಪಡಬೇಡಿ.

ಇನ್ನೊಂದು ಮಾತು. ಎಂಬಿಎ ಮಾಡಲು ಬಿಬಿಎ ಆಗಿರಲೇಬೇಕು ಎಂದು ಅನೇಕರು ತಿಳಿದಿದ್ದಾರೆ. ಹಾಗೇನಿಲ್ಲ. ನಿಗದಿತ ಅಂಕಗಳಿದ್ದರೆ ಯಾವ ಪದವಿಯವರೂ ರಾಜ್ಯದ ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿ ಬರೆದು ಸೇರಬಹುದು. ಆ ಕಾಲೇಜಿನಲ್ಲಿ ಬಿಕಾಂ ಗಟ್ಟಿಯಾಗಿದ್ದು ಬಿಬಿಎ ಈಚೆಗೆ ಶುರುವಾಗಿದ್ದರೆ, ನನ್ನ ಮಗಳಾಗಿದ್ದರೆ ನಾನು ಬಿಕಾಂಗೇ ಸೇರಿಸುತ್ತಿದ್ದೆ.

ಶುಲ್ಕ ಕಟ್ಟುವ ಮೊದಲು ಒಂದು ದಿನ ಮಗಳನ್ನು ಕರೆದುಕೊಂಡು ಕಾಲೇಜಿಗೆ ಹೋಗಿ ಬನ್ನಿ, ಅದೂ ಮಧ್ಯಾಹ್ನದ ಹೊತ್ತು. ಸೂಚನಾ ಫಲಕದ ವೇಳಾಪಟ್ಟಿಯಲ್ಲಿ ಅಧ್ಯಾಪಕರ ಹೆಸರಿನ ಜಾಗ ಎಲ್ಲೆಲ್ಲಿ ಖಾಲಿಯಿದೆ ನೋಡಿ. ಐದನೇ ಸೆಮಿಸ್ಟರಿನ ನಾಲ್ಕು ವಿದ್ಯಾರ್ಥಿಗಳು ಸಿಕ್ಕರೆ ಎರಡೇ ಪ್ರಶ್ನೆ ಸಾಕು: ಯಾವ ವಿಷಯಕ್ಕೆ ಇನ್ನೂ ಮೇಷ್ಟ್ರು ಬಂದಿಲ್ಲ? ಕಳೆದ ಪರೀಕ್ಷೆಯ ಅಂಕಪಟ್ಟಿ ಕೈಗೆ ಬಂತೇ?